ನಾವಿಲ್ಲದಾಗ ಥೇಟ್ ನಮ್ಮಂತೆಯೇ ನಡೆದುಕೊಂಡ ದೀಪದ ಪೆಟ್ಟಿಗೆಗೆ

ಮೀಟರ್ ಬೋರ್ಡಿನ ಪಕ್ಕದ ಗೋಡೆಯಲ್ಲಿ ಹಸಿರು ಕಣ್ಣು ಮಿಟುಕಿಸುತ್ತ ವಿರಾಜಮಾನರಾಗಿರುವ ಸ್ವಯಂಚಾಲಿತ ಗೃಹದೀಪ ನಿಯಂತ್ರಕರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬುದು ತಮ್ಮ ಹಸಿರು ಕಣ್ಣಿನಿಂದಲೇ ತಿಳಿಯುತ್ತಿದೆ. ದೇಹದ ಮಟ್ಟಿಗೆ ನಾವೂ ಕ್ಷೇಮ. ಮಾನದ ವಿಚಾರ ಮಾತ್ರ ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಆದ್ದರಿಂದಲೇ ಎಲ್ಲರೂ ಓದಲೆಂದು ಈ ಪತ್ರದ ಒಂದು ಪ್ರತಿಯನ್ನು ನಮ್ಮ ಗೇಟಿಗೂ ಅಂಟಿಸುತ್ತಿದ್ದೇನೆ. ನಾನು ತಮ್ಮ ಯಜಮಾನಿ ಎಂದು ಹೇಳಿಕೊಳ್ಳುವ ಧೈರ್ಯ ಈಗ ಉಳಿದಿಲ್ಲ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ತಾವು ಬೆಳಗಿಸುವ ಕೋಣೆಗಳಲ್ಲಿ ತಮ್ಮ ಅಪ್ಪಣೆಯಂತೆ ಬಾಳುವ, ಈ ಮನೆಯ ಸೊಸೆ ನಾನು.

ಮೊದಲು ತಮ್ಮ ಪ್ರತಿಭೆಯನ್ನು ಮನಸಾರೆ ಹೊಗಳಿಬಿಡುತ್ತೇನೆ, ಏಕೆಂದರೆ ಆಮೇಲೆ ಅದಕ್ಕೆ ಉಸಿರು ಉಳಿಯುವ ಭರವಸೆಯಿಲ್ಲ. ತಮ್ಮನ್ನು ಗೋಡೆಗೆ ಕೂರಿಸಿದ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ, "ಮೇಡಂ, ಇದು ಬರೀ ಟೈಮರ್ ಅಂದ್ಕೋಬೇಡಿ. ಎರಡು ವಾರ ಸುಮ್ನೆ ನಿಮ್ಮನ್ನ ನೋಡ್ತಾ ಇರತ್ತೆ. ಯಾವಾಗ ಯಾವ ಲೈಟ್ ಹಾಕ್ತೀರಿ, ಯಾವಾಗ ಆರಿಸ್ತೀರಿ, ಎಲ್ಲಾ ಕಲಿತ್ಕೊಳತ್ತೆ. ಆಮೇಲೆ ನೀವು ಊರಿಗೆ ಹೋದ್ರೂ ಮನೇಲಿ ನೀವೇ ಇದ್ದೀರಿ ಅಂತ ಕಳ್ಳನೂ ನಂಬಬೇಕು. ಕಾಲಿಂಗ್ ಬೆಲ್ಲನ್ನೂ ಇದಕ್ಕೇ ಸೇರ್ಸಿದೀನಿ" ಎಂದು ತಮ್ಮ ಗುಣಗಾನ ಮಾಡಿದಾಗ, ನಮ್ಮ ಮನೆಯವರು ಸ್ವಂತ ಮಗನನ್ನು ಒಳ್ಳೆಯ ಶಾಲೆಗೆ ಸೇರಿಸಿದಷ್ಟು ಹಿಗ್ಗಿದರು. ಅಂದಿನಿಂದ ತಮ್ಮೆದುರು ಒಳ್ಳೆಯ ನಡತೆ ತೋರಿಸಬೇಕೆಂದು, ಹಾಲ್‌ನಲ್ಲಿ ನೆಟ್ಟಗೆ ಕೂತು ಎಂದೂ ಮುಟ್ಟದ ದಪ್ಪ ಪುಸ್ತಕ ಹಿಡಿದರು. ನಮ್ಮ ಅತ್ತೆಯವರಂತೂ "ಅದು ನೋಡ್ತಾ ಇರತ್ತೆ ಅಂದ್ರಲ್ಲ, ನಾನು ಸೀರೆ ಉಡೋ ಕೋಣೇಲಿ ಏನೂ ಬೇಡಪ್ಪ" ಎಂದು ತಮ್ಮ ಕಡೆ ಬೆನ್ನು ಹಾಕಿಯೇ ಓಡಾಡಿದರು.

ಆದರೆ ತಮ್ಮ ವಿದ್ಯಾಭ್ಯಾಸದ ಆ ಎರಡು ವಾರಗಳು ನಮ್ಮ ವಿಮೆ ಚಿಕ್ಕಪ್ಪನವರ ಸುಗ್ಗಿಯ ಕಾಲವೂ ಆಗಿದ್ದವು. ಇವರು ನಮ್ಮ ಮಾವನವರ ತಮ್ಮ. ನಿವೃತ್ತಿಯಾದ ಮೇಲೆ ವಿಮೆ ಮಾರಲು ಶುರು ಮಾಡಿದ್ದಾರೆ. ದೀಪ ಹಚ್ಚುವ ಹೊತ್ತಿಗೆ ಬಂದು, ನಾವು ಒಬ್ಬೊಬ್ಬರಾಗಿ ಸತ್ತರೆ ಉಳಿದವರಿಗೆ ಏನೇನು ಅನುಕೂಲ ಎಂಬುದನ್ನು ತುಂಬ ಪ್ರೀತಿಯಿಂದ ವಿವರಿಸುತ್ತಾರೆ. ಆದ್ದರಿಂದ ಸಂಜೆ ಬೆಲ್ ಆಯಿತೆಂದರೆ ನಮ್ಮ ಮನೆಯವರು ಹಾಲ್‌ನ ದೀಪ ಆರಿಸುತ್ತಿದ್ದರು. ಅವರು, ಅತ್ತೆಯವರು, ನಾನು, ಮೂವರೂ ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಸಣ್ಣ ದೀಪ ಹಾಕಿಕೊಂಡು, ಸಿಲಿಂಡರಿನ ಪಕ್ಕ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಚಿಕ್ಕಪ್ಪನವರು ಛಲ ಬಿಡದೆ ಮನೆ ಸುತ್ತಿ ಅಡುಗೆಮನೆಯ ಕಿಟಕಿಗೆ ಬಂದರೆ ಅದನ್ನೂ ಆರಿಸಿ ಬಚ್ಚಲಿಗೆ ಹೋಗಿ ಅಲ್ಲಿನ ದೀಪ ಹಾಕಿಕೊಳ್ಳುತ್ತಿದ್ದೆವು, ಅಲ್ಲಿ ಅತ್ತೆಯವರಿಗೆ ಕೂರಲು ಒಂದು ಸ್ಟೂಲಾದರೂ ಇದೆ. ಅವರು ಅಲ್ಲಿಗೂ ಬಂದು ಕೆಮ್ಮಿದರೆ ಕತ್ತಲೆಯೇ ಗತಿ. ತಾವು ಈ ಇಡೀ ಪಾಠವನ್ನು ಒಂದಕ್ಷರ ಬಿಡದೆ ಕಲಿತಿರಿ. ದಪ್ಪ ಪುಸ್ತಕದ ಪಾಠ ಮಾತ್ರ ತಮಗೆ ಹತ್ತಲಿಲ್ಲ.

ನಮ್ಮ ನಾದಿನಿ ಹೊಸ ಮನೆಗೆ ಹೋಗಿದ್ದರಿಂದ ನಾವು ಅಲ್ಲಿಗೆ ಹೊರಟೆವು. ಊರಿಗೆ ಹೋಗುವ ವಿಚಾರ ಯಾರ ಕಿವಿಗೂ ಬೀಳಬಾರದು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ನಮ್ಮ ಮನೆಯವರು ವ್ರತದಂತೆ ಹಿಡಿದರು. ಚಕ್ರದ ಸೂಟ್‌ಕೇಸ್ ಸದ್ದು ಮಾಡೀತೆಂದು ಅದನ್ನು ಬೀದಿ ದಾಟುವವರೆಗೂ ತಲೆಯ ಮೇಲೆ ಹೊತ್ತುಕೊಂಡೇ ನಡೆದರು. ಅತ್ತೆಯವರು, "ಎದುರುಮನೆ ಟೈಲರ್‌ಗಾದ್ರೂ ಒಂದು ಮಾತು ಹೇಳ್ಬಾರ್ದೇನೋ, ಪಾಪ" ಎಂದು ಗೊಣಗಿದಾಗ, ಹೊರೆ ಹೊತ್ತ ಅವರು "ಸೆಕ್ಯೂರಿಟಿ ಅಮ್ಮಾ, ಸೆಕ್ಯೂರಿಟಿ" ಎಂದು ಪಿಸುಗುಟ್ಟಿದರೇ ಹೊರತು ಬಾಯಿಯ ಬೀಗ ತೆಗೆಯಲಿಲ್ಲ.

ಈ ಟೈಲರಣ್ಣ ಯಾರೆಂದು ತಮಗೆ ತಿಳಿದಿರಲಾರದು, ಅದೇ ಕೇಡಾದದ್ದು. ಅವರದು ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಅತ್ತೆಯವರನ್ನು ಅಮ್ಮ ಎನ್ನುತ್ತಾರೆ. ನಾನು ಈ ಮನೆಗೆ ಬಂದ ಹೊಸತರಲ್ಲಿ ಯಾರ ಮುಖವೂ ಪರಿಚಯವಿಲ್ಲದೆ ಮಂಕಾಗಿ ಕೂತಿದ್ದಾಗ, ಮೊದಲು ನಗಿಸಿದ್ದು ಅವರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರು ನಮ್ಮ ಬೆಲ್ ಒತ್ತಿದವರಲ್ಲ. ಕಿಟಕಿಯ ಸರಳಿಗೆ ಕತ್ತರಿಯ ಹಿಡಿಯಿಂದ ಟಣ್ ಟಣ್ ಎಂದು ತಟ್ಟಿ, ಹಿತ್ತಲ ಬಾಗಿಲಿನಿಂದ ಬಂದು, ಚಹಾ ಎಲ್ಲಿ ಎಂದು ಕೇಳುವವರು. ಹಾಗಾಗಿ ತಮ್ಮ ವಿದ್ಯಾಭ್ಯಾಸದಲ್ಲಿ ಅವರ ಅಧ್ಯಾಯವೇ ಇರಲಿಲ್ಲ.

ನಾವು ನಾದಿನಿಯ ಮನೆಯಲ್ಲಿದ್ದಾಗ, ಬೇರೆ ಊರಿನಲ್ಲಿರುವ ಟೈಲರಣ್ಣನ ಮಗಳಿಗೆ ಹೆಣ್ಣು ಮಗುವಾಯಿತು. ಇಂಥ ಸುದ್ದಿಯನ್ನು ಕಿಟಕಿ ತಟ್ಟಿ ಹೇಳಬಾರದು, ಮುಂಬಾಗಿಲಿನಿಂದ ಮರ್ಯಾದೆಯಾಗಿ ಹೋಗಿ ಹೇಳಬೇಕು ಎಂದು ಅವರಿಗೆ ಅನ್ನಿಸಿತಂತೆ. ಸ್ವಂತಕ್ಕೆಂದೇ ಹೊಲಿದು ಎಂದೂ ತೊಡದೆ ಇಟ್ಟಿದ್ದ ಅಂಗಿ ತೊಟ್ಟು, ತಲೆ ಬಾಚಿ, ಸಿಹಿಯ ಡಬ್ಬಿ ಹಿಡಿದು, ಸ್ವಂತ ಅಣ್ಣನಿಗೂ ಇನ್ನೂ ಫೋನ್ ಮಾಡದೆ, ದೀಪ ಉರಿಯುತ್ತಿದ್ದ ನಮ್ಮ ಮನೆಗೆ ಬಂದರು. ಕಾಲೊರಸಿಕೊಂಡು ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ಬೆಲ್ ಒತ್ತಿದರು. ತಾವು ತಕ್ಷಣ ಹಾಲ್‌ನ ದೀಪ ಆರಿಸಿದಿರಿ.

ಕರೆಂಟ್ ಹೋಯಿತೇನೋ ಎಂದು ಅವರು ತಿರುಗಿ ನೋಡಿದರೆ ಇಡೀ ಬೀದಿ ಜಗಮಗ. "ನಾನು ಕಣಮ್ಮಾ, ಟೈಲರು" ಎಂದು ಕೂಗಿ, ಮನೆ ಸುತ್ತಿ, ಅಡುಗೆಮನೆಯ ಸಣ್ಣ ಬೆಳಕಿನ ಹತ್ತಿರ ಹೋದರು. ಅದೂ ಆರಿ ಬಚ್ಚಲಿನಲ್ಲಿ ದೀಪ ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಹೊರಟುಹೋಗುತ್ತಿದ್ದರು, ಆದರೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಲ್ಲ, ಅವರು ನಮ್ಮ ಬಚ್ಚಲಿನ ಗವಾಕ್ಷಿಯತ್ತ ಕತ್ತೆತ್ತಿ, "ಹೆಣ್ಣು ಮಗು ಕಣಮ್ಮಾ, ನಾನು ಅಜ್ಜ ಆದೆ" ಎಂದರು. ತಾವು ಸ್ವಲ್ಪ ಹೊತ್ತು ಬಿಟ್ಟು ಬಚ್ಚಲಿನ ದೀಪವನ್ನೂ ಆರಿಸಿದಿರಿ.

ಮಾನ್ಯರೇ, ತಮ್ಮ ಕಲೆಗಾರಿಕೆಗೆ ಇಲ್ಲಿ ಕೈಮುಗಿಯಲೇಬೇಕು. ಖಾಲಿ ಮನೆಯಲ್ಲಿ ಜನರಿದ್ದಾರೆಂದು ತೋರಿಸುವುದು ತಮ್ಮ ಕೆಲಸವಾಗಿತ್ತು. ತಾವು ಅಷ್ಟಕ್ಕೇ ತೃಪ್ತರಾಗದೆ, ಮನೆಯಲ್ಲಿರುವ ಜನ ಮನೆ ಖಾಲಿಯಿದೆಯೆಂದು ನಟಿಸುತ್ತಿರುವಂತೆ ತೋರಿಸಿದಿರಿ! ಇಂಥ ನಟನೆ ನಾಟಕ ಕಂಪನಿಯವರಿಗೂ ದಕ್ಕಲಿಕ್ಕಿಲ್ಲ. ಅಂದಿನಿಂದ ಪ್ರತಿ ಸಂಜೆ ಟೈಲರಣ್ಣ ಅಂಗಡಿಯಲ್ಲಿ ಕೂತು, ನಮ್ಮ ಮನೆಯ ದೀಪಗಳು ಹಾಯಾಗಿ ಹತ್ತಿ ಆರುವುದನ್ನು ಹೊಟ್ಟೆ ಉರಿಸಿಕೊಂಡು ನೋಡಿದರಂತೆ. ಅವರ ಹೆಂಡತಿ, "ಒಂದು ಫೋನಾದ್ರೂ ಮಾಡಿ ನೋಡಿ" ಎಂದದ್ದಕ್ಕೆ, "ಕಣ್ಣೆದುರು ಮನೇಲಿ ಕೂತೋರಿಗೆ ಫೋನ್ ಯಾಕೆ ಮಾಡ್ಲಿ?" ಎಂದು ಸಿಡುಕಿದರಂತೆ.

ನಾವು ನಗುನಗುತ್ತ ಊರಿಂದ ಬಂದೆವು, ಗೇಟಿನಲ್ಲೇ ನಮ್ಮ ಬೀದಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಇಸ್ತ್ರಿಯಮ್ಮನಿಂದ ಎಲ್ಲ ತಿಳಿಯಿತು. ಓಡಿಹೋಗಿ ನೋಡಿದರೆ, ಟೈಲರಣ್ಣ ಬೀದಿಯ ಕಡೆ ಮುಖ ಮಾಡಿದ್ದ ಹೊಲಿಗೆ ಯಂತ್ರವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ನಮ್ಮ ಮನೆಯವರು ಬಸ್ ಟಿಕೆಟ್ ತೋರಿಸಿದರು, ನಾದಿನಿಯ ಮನೆಯ ಫೋಟೊಗಳನ್ನು ತೋರಿಸಿದರು. "ಟಿಕೆಟ್ ಯಾರು ಬೇಕಾದ್ರೂ ತಗೋಬಹುದು, ಲೈಟ್ ನಾನು ಕಣ್ಣಾರೆ ನೋಡಿದೀನಿ" ಎಂದು ಅವರು ಬಟ್ಟೆಗೆ ಹೇಳಿದರು, ನಮಗಲ್ಲ. ನಾವು ಮನೆಯಲ್ಲಿ ಇರಲೇ ಇಲ್ಲವೆಂದು ನಾನು ಆಣೆ ಮಾಡಿದಷ್ಟೂ ಅವರ ಮುಖ ಬಿಗಿಯಿತು. ಪೆಟ್ಟಿಗೆಯ ಮೇಲೆ ತಪ್ಪು ಹೊರಿಸಿದ್ದಕ್ಕಂತೂ, "ಪೆಟ್ಟಿಗೆ ಬಚ್ಚಲಿಗೆ ಹೋಗತ್ತೇನಮ್ಮಾ?" ಎಂದು ಕೇಳಿದರು. ಆ ದಿನಗಳಲ್ಲಿ ಕಿಟಕಿಯ ಸರಳಿನ ಟಣ್ ಟಣ್ ಇಲ್ಲದೆ ನನಗೆ ಚಹಾ ಮಾಡುವುದೇ ಬೇಡವೆನಿಸಿತ್ತು.

ಕೊನೆಗೆ ಅತ್ತೆಯವರು ಅವರ ಅಂಗಡಿಯ ಸ್ಟೂಲ್ ಮೇಲೆ ಹೋಗಿ ಕೂತು, "ನೀನು ಬಂದು ನೋಡೋ ತನಕ ನಾನು ಏಳಲ್ಲ ಕಣೋ" ಎಂದು ಹಟ ಹಿಡಿದರು. ಗಿರಾಕಿಗಳಿಗೆ ಅಳತೆ ಕೊಡಲು ಜಾಗವಿಲ್ಲದಂತಾದ ಮೇಲೆ ಟೈಲರಣ್ಣ ಎದ್ದರು. ಅಂದು ಸಂಜೆ ನಮ್ಮ ಮನೆಯವರು ಫೋನಿನಲ್ಲಿ "ಮನೆಯಲ್ಲಿಲ್ಲ" ಎಂಬ ಗುಂಡಿ ಒತ್ತಿ, ಮನೆಗೆ ಬೀಗ ಹಾಕಿದರು. ನಾವು ಮೂವರೂ ಟೈಲರಣ್ಣನ ಪಕ್ಕದಲ್ಲೇ, ಅವರ ಕಣ್ಣಳತೆಯಲ್ಲೇ ನಿಂತೆವು. ಇಸ್ತ್ರಿಯಮ್ಮನೂ ಅಕ್ಕಪಕ್ಕದವರೂ ಸೇರಿದರು. ತಾವು ಹಾಲ್ ಬೆಳಗಿಸಿದಿರಿ. ಟೈಲರಣ್ಣ ಗಂಟು ಮುಖದಲ್ಲೇ ಬೆಲ್ ಒತ್ತಿದರು. ಹಾಲ್ ಆರಿತು, ಅಡುಗೆಮನೆ ಹತ್ತಿತು. ಎಲ್ಲರೂ ಅವರ ಹಿಂದೆ ಮೆರವಣಿಗೆಯಂತೆ ಮನೆ ಸುತ್ತಿದೆವು. ಅಡುಗೆಮನೆ ಆರಿತು, ಬಚ್ಚಲು ಹತ್ತಿತು. ಅವರು ಬಚ್ಚಲನ್ನೊಮ್ಮೆ, ಪಕ್ಕದಲ್ಲಿ ನಿಂತ ನಮ್ಮ ಮೂವರನ್ನೊಮ್ಮೆ ನೋಡಿ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕು ಮುಗಿದ ಮೇಲೆ, "ಅದ್ಸರಿ, ಈ ಬುದ್ಧಿ ಇದಕ್ಕೆ ಕಲ್ಸಿದ್ದು ಯಾರು?" ಎಂದರು.

ನಮ್ಮ ಮನೆಯವರು ಆಕಾಶ ನೋಡಿದರು. ಆಗ ಗುಂಪಿನ ಹಿಂದಿನಿಂದ, ಕಂಕುಳಲ್ಲಿ ಚೀಲ ಅವಚಿಕೊಂಡ ವಿಮೆ ಚಿಕ್ಕಪ್ಪನವರು, ಎಂದಿನ ಹೊತ್ತಿಗೆ ಬಂದವರು, ಮುಂದೆ ಬಂದು, "ಅತ್ತಿಗೇ, ಅಂದ್ರೆ ನಾನು ಬಂದಾಗೆಲ್ಲ ಬಚ್ಚಲಲ್ಲೇ ಇರ್ತಿದ್ರಾ?" ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಮ್ಮ ಅತ್ತೆಯವರು, "ಇಲ್ಲಪ್ಪ, ಮೊದ್ಲು ಅಡುಗೆಮನೇಲಿ" ಎಂದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನೂ ನಮ್ಮ ಮನೆಯವರೂ ಸರದಿಯಲ್ಲಿ ನಿಲ್ಲದೆ ಒಳಗೆ ಹೋಗುತ್ತಿದ್ದೆವು. ನಮ್ಮನ್ನು ಉಳಿಸಿದ್ದು ಟೈಲರಣ್ಣ. ಅವರು ಚಿಕ್ಕಪ್ಪನವರ ಹೆಗಲಿಗೆ ಕೈ ಹಾಕಿ, "ಬನ್ನಿ ಚಿಕ್ಕಪ್ಪಾ, ನಾವಿಬ್ರೂ ಒಂದೇ ಬಾಗಿಲಿಂದ ವಾಪಸ್ ಹೋದೋರು" ಎಂದರು. ಆಮೇಲೆ ನಮ್ಮನ್ನು ಒಳಗೆ ಕಳಿಸಿ, ಅವರೊಬ್ಬರೇ ಗೇಟಿನಾಚೆಗೆ ಹೋಗಿ, ಅಂಗಿಯ ಗುಂಡಿ ಹಾಕಿಕೊಂಡು ಮತ್ತೆ ಬಂದರು. ಅವರ ಬೆರಳು ಬೆಲ್ ಮುಟ್ಟುವ ಮೊದಲೇ ನಾನು ಬಾಗಿಲು ತೆಗೆದೆ. "ಹೆಣ್ಣು ಮಗು ಕಣಮ್ಮಾ" ಎಂದರು. ಅಷ್ಟರಲ್ಲಿ ಆ ಸುದ್ದಿಯನ್ನು ಊರೆಲ್ಲ ಕೇಳಿಯಾಗಿತ್ತು, ಆದರೂ ನನಗೆ ನಿಜವಾಗಿಯೂ ಸಂತೋಷದ ಅಳು ಬಂತು. ಚಿಕ್ಕಪ್ಪನವರು ಒಳಗೆ ಬಂದು ಕೂತು ಹಸುಗೂಸುಗಳಿಗೆಂದೇ ಇರುವ ಪಾಲಿಸಿಯ ವಿವರ ಶುರು ಮಾಡಿದ ಮೇಲೆ, ಟೈಲರಣ್ಣ ಮೊದಲ ಬಾರಿಗೆ ಗೋಡೆಯಲ್ಲಿರುವ ತಮ್ಮ ಕಡೆ ಆಸೆಯಿಂದ ನೋಡಿದ್ದನ್ನೂ ನಾನು ಗಮನಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಬೆಲ್ ಒತ್ತುವ ಬೆರಳು ಸಿಹಿ ಸುದ್ದಿ ತಂದಿದೆಯೋ ವಿಮೆ ತಂದಿದೆಯೋ ಎಂಬುದನ್ನು ಬೆರಳ ತುದಿಯ ಬಿಸಿಯಿಂದಲೇ ಅರಿಯುವ ವಿದ್ಯೆಯನ್ನು ತಾವು ಬೇಗ ಸಂಪಾದಿಸಬೇಕು. ಸಾಧ್ಯವಾದರೆ ಗೋಡೆಯಿಂದ ಇಳಿದು, ತಂತಿಗಳನ್ನು ಸೆರಗಿನಂತೆ ಎತ್ತಿ ಹಿಡಿದು, ರಸ್ತೆ ದಾಟಿ ಟೈಲರಣ್ಣನ ಮನೆಯ ಬೆಲ್ ಒತ್ತಿ ಖುದ್ದಾಗಿ ಕ್ಷಮೆ ಕೇಳಬೇಕು. ಆಗ ಅವರ ಮನೆಯ ದೀಪ ಆರಿದರೆ ಕೆಮ್ಮದೆ ಅಲ್ಲೇ ನಿಂತಿರಬೇಕು. ಇವೆಲ್ಲ ಆಗದಿದ್ದರೆ, ನಾವು ಮನೆಯಲ್ಲಿರುವಾಗ ಕೊನೇಪಕ್ಷ ನಮ್ಮನ್ನು ನೋಡುವುದನ್ನಾದರೂ ಬಿಡಿ, ಏಕೆಂದರೆ ನಮ್ಮಿಂದ ಕಲಿಯುವಂಥದ್ದು ಹೆಚ್ಚೇನೂ ಇಲ್ಲವೆಂಬುದು ಈಗ ಬೀದಿಗೆಲ್ಲ ಗೊತ್ತಾಗಿದೆ.

ಬಾಗಿಲನ್ನು ತಾನೇ ತೆಗೆಯಲು ನಿರ್ಧರಿಸಿರುವ,
ತಮ್ಮ ವಿಶ್ವಾಸಿ,
ಈ ಮನೆಯ ಸೊಸೆ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ತಮ್ಮ ವರದಿ ಫೋನಿಗೆ ಬಂತು: "ತಮ್ಮ ಗೈರುಹಾಜರಿಯಲ್ಲಿ ಒಬ್ಬ ಅಪರಿಚಿತ ವ್ಯಕ್ತಿ ಬಾಗಿಲಿಗೆ ಬಂದಿದ್ದು, ಯಶಸ್ವಿಯಾಗಿ ಹಿಂದಿರುಗಿಸಲಾಗಿದೆ. ನಮ್ಮ ಸೇವೆ ತೃಪ್ತಿ ತಂದಿತೇ?" ಬಹಳ ತೃಪ್ತಿಯಾಯಿತು ಮಾನ್ಯರೇ. ಅಷ್ಟು ದಿನ ಸಂಜೆಯೆಲ್ಲ ನಮ್ಮ ಮನೆಯ ಮೇಲಿಂದ ಕಣ್ಣು ಕೀಳದೆ ಕೂತಿದ್ದದ್ದೂ ಆ ಅಪರಿಚಿತರೇ, ಕಳ್ಳ ಬಂದಿದ್ದರೆ ಮೊದಲು ಅವರನ್ನು ದಾಟಬೇಕಿತ್ತು. ಇನ್ನು ಮುಂದೆ ನಾವು ಊರಿಗೆ ಹೋಗುವಾಗ ಮನೆಯ ಕೀಲಿಕೈ ಅವರ ಕೈಯಲ್ಲಿರುತ್ತದೆ. ಅವರು ಒಳಗೆ ಬಂದು ದೀಪ ಹಾಕಿದರೆ ದಯಮಾಡಿ ಆರಿಸಬೇಡಿ, ಅವರ ತೋಳಿನಲ್ಲಿ ಮೊಮ್ಮಗಳಿರುತ್ತಾಳೆ.