ಮುಟ್ಟಬಾರದ ಕೊಳವೆ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನೂ ಅಲ್ಲ, ಹೋದ ತಿಂಗಳೇ, ಏಳು ಸಮುದ್ರದಾಚೆಯೂ ಅಲ್ಲ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ತಗಡಿನ ಸೂರಿನ ಕೆಳಗೆ, ಕಬ್ಬಿಣಕ್ಕೆ ಕವಚ ತೊಡಿಸುವವನೊಬ್ಬನಿದ್ದ. ಭೂಮಿಯ ಹೊಟ್ಟೆಯಲ್ಲಿ ಎಣ್ಣೆಯಿದೆ, ಅನಿಲವಿದೆ. ಅದನ್ನು ಕಾಯಲು ಕಲ್ಲೆಂಬ ರಾಕ್ಷಸ ಅಡ್ಡ ಮಲಗಿದ್ದಾನೆ. ಅವನನ್ನು ಕೊರೆಯಲು ಇಳಿದ ಕಬ್ಬಿಣವೆಲ್ಲ ಚೀಪಿದ ಪೆಪ್ಪರಮಿಂಟಿನಂತೆ ಸವೆದು ಮೇಲೆ ಬರುತ್ತದೆ. ಹಾಗಾಗದಿರಲೆಂದು ಅದರ ಮೈಗೆ ಬೆಂಕಿಯ ಗನ್ನಿನಿಂದ ಗಟ್ಟಿ ಲೋಹದ ಪುಡಿ ಚಿಮ್ಮಿಸಿ, ಉಗುರಿನಷ್ಟೂ ದಪ್ಪವಿಲ್ಲದ ಲೇಪ ಕೊಡುವುದು ಇವನ ಕೆಲಸ. ಎಲ್ಲರೂ ಅವನನ್ನು ಲೇಪಣ್ಣ ಎಂದೇ ಕರೆಯುತ್ತಿದ್ದರು.

ಕಬ್ಬಿಣವನ್ನು ಸವೆಯದಂತೆ ಕಾಪಾಡುತ್ತಿದ್ದ ಲೇಪಣ್ಣ ತಾನು ಮಾತ್ರ ಪೂರ್ತಿ ಸವೆದಿದ್ದ. ಇಪ್ಪತ್ತಾರು ದಿನದಿಂದ ವಾರದ ರಜೆಯೂ ಇರಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ನಿದ್ದೆ ಹೋಗುತ್ತಿದ್ದ. ಬೆಳಗ್ಗೆ ಕನ್ನಡಿ ನೋಡಿಕೊಂಡರೆ ಯಾರೋ ಪರಿಚಯದವರೆನಿಸುತ್ತಿತ್ತೇ ಹೊರತು ಹೆಸರು ನೆನಪಾಗುತ್ತಿರಲಿಲ್ಲ.

ಆ ದಿನ ಯಜಮಾನರು ಒಂದು ದಪ್ಪ ಉಕ್ಕಿನ ಕೊಳವೆಯನ್ನು ಕೈಗಾಡಿಯಲ್ಲಿ ತರಿಸಿ ಅವನ ಮುಂದೆ ನಿಲ್ಲಿಸಿದರು.

"ನೋಡಪ್ಪಾ, ಹೋದ ವಾರ ಒಂದು ಮಾಡಿದೆಯಲ್ಲ, ಅದರ ಜೋಡಿ ಇದು. ಸಂಜೆ ಐದಕ್ಕೆ ಕೊರೆಯೋ ಕಂಪನಿ ಲಾರಿ ಬರುತ್ತೆ. ಅಷ್ಟರಲ್ಲಿ ಲೇಪ ಮುಗಿಸಿದ್ರೆ ನಾಳೆ ನಿನಗೆ ರಜೆ."

"ಪೂರ್ತಿ ದಿನಾನಾ ಸಾರ್?"

"ಪೂರ್ತಿ ದಿನ. ನಾನು ಮಾತು ಕೊಟ್ಟ ಮೇಲೆ ಮುಗೀತು."

ಲೇಪಣ್ಣನ ಕಣ್ಣಮುಂದೆ ಒಂದು ದಿಂಬು ತೇಲಿಹೋಯಿತು. ಮೋಡದ ಹಾಗಿತ್ತು.

ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಮೊದಲು ಒರಟು ಹರಳುಗಳನ್ನು ಗಾಳಿಯ ರಭಸದಲ್ಲಿ ಬಡಿದು ಉಕ್ಕಿನ ಮೈಯನ್ನು ತರಿತರಿ ಮಾಡಬೇಕು. ಆಮೇಲೆ ಲೇಪ ಬೀಳುವವರೆಗೂ ಅದನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿತೋ, ಅಲ್ಲಿ ಲೇಪ ಹಿಡಿಯದೆ ಹಕ್ಕಳೆಯಾಗಿ ಎದ್ದು ಬರುತ್ತದೆ. ಮುಟ್ಟಿದರೆ ಮತ್ತೆ ಮೊದಲಿಂದ ಹರಳು ಬಡಿಯಬೇಕು.

ಹತ್ತು ಗಂಟೆಗೆ ಕೊಳವೆ ಹದವಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಲೇಪಣ್ಣ ಗನ್ನಿಗೆ ಪುಡಿ ತುಂಬಲು ಆ ಕಡೆ ತಿರುಗಿದ. ಈ ಕಡೆ ತಿರುಗುವಷ್ಟರಲ್ಲಿ ಸ್ಟೋರಿನ ಮಾವ ನಿಂತಿದ್ದರು. ಸ್ಟೋರು ನೋಡಿಕೊಳ್ಳುವ ಈ ಮಾವ ಯಾರಿಗೂ ನಿಜವಾದ ಮಾವನಲ್ಲ. ಎಲ್ಲರ ಕೆಲಸದಲ್ಲೂ ಕೈಯಾಡಿಸಿ ಆ ಹೆಸರು ಗಳಿಸಿದ್ದರು. ಈಗಲೂ ಅವರ ಕೈ ಕೊಳವೆಯ ಮೇಲೇ ಆಡುತ್ತಿತ್ತು.

"ಬೆಕ್ಕಿನ ನಾಲಿಗೆ ಥರ ಇದೆಯಲ್ಲೋ! ಎಷ್ಟು ಚೆನ್ನಾಗಿ ಮಾಡಿದೀಯ!"

"ಮಾವಾ! ಮುಟ್ಟಬಾರದು ಅಂತ ಗೊತ್ತಿಲ್ವಾ?"

"ಮುಟ್ಟಿದ್ನಾ ನಾನು? ಸುಮ್ನೆ ಸವರಿದೆ ಅಷ್ಟೇ."

ಲೇಪಣ್ಣ ನಿಟ್ಟುಸಿರು ಬಿಟ್ಟು ಕೊಳವೆಯನ್ನು ಮತ್ತೆ ಹರಳಿನ ಕೋಣೆಗೆ ತಳ್ಳಿದ. ಹನ್ನೆರಡಕ್ಕೆ ಹೊರಗೆ ತಂದು, ರಟ್ಟಿನ ಮೇಲೆ "ಮುಟ್ಟಬೇಡಿ" ಎಂದು ದೊಡ್ಡದಾಗಿ ಬರೆದು ಎದುರಿಗೆ ನಿಲ್ಲಿಸಿದ. ಅದೇ ತಪ್ಪಾಯಿತು. ಅಲ್ಲಿಯವರೆಗೆ ಆ ಕೊಳವೆಯ ಕಡೆ ಕಣ್ಣೆತ್ತಿಯೂ ನೋಡದಿದ್ದವರು ಊಟಕ್ಕೆ ಹೋಗುವಾಗ ಮದುಮಗಳನ್ನು ನೋಡಲು ಬಂದವರ ಹಾಗೆ ಸುತ್ತ ಸೇರಿದರು. ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಟಪಾಲಕ್ಕ ತೋರುಬೆರಳು ಚಾಚಿದಳು.

"ಅಕ್ಕಾ, ಬೋರ್ಡು!"

"ಓದಿದೆ ಕಣೋ. ಮುಟ್ಟಿದ್ರೆ ಏನಾಗುತ್ತೆ ಅಂತ ಬರೆದೇ ಇಲ್ವಲ್ಲ. ಬಿಸಿ ಇದೆಯಾ, ಕರೆಂಟ್ ಹೊಡೆಯುತ್ತಾ? ಅದನ್ನೇ ನೋಡೋಣ ಅಂತ..."

ಅಷ್ಟರಲ್ಲಿ ಬೆರಳು ತಾಗಿಯಾಗಿತ್ತು. ಬಿಸಿಯೂ ಇರಲಿಲ್ಲ, ಕರೆಂಟೂ ಹೊಡೆಯಲಿಲ್ಲ. ಟಪಾಲಕ್ಕ ನಿರಾಶೆಯಿಂದ ಊಟಕ್ಕೆ ಹೋದಳು. ಲೇಪಣ್ಣ ಊಟ ಬಿಟ್ಟು ಹರಳಿನ ಕೋಣೆಗೆ ಹೋದ.

ಮೂರನೆಯ ಸಲ ಅವನು ಬೋರ್ಡಿನ ಸಹವಾಸಕ್ಕೆ ಹೋಗಲಿಲ್ಲ. ಕೊಳವೆಯನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಗನ್ನಿಗೆ ಹಾಕುವ ಪುಡಿ ಒಣಗುವವರೆಗೆ ಹಸುಗೂಸನ್ನು ಕಾಯುವ ಬಾಣಂತಿಯಂತೆ ಪಕ್ಕದಲ್ಲೇ ಕುಳಿತ. ಹೆಂಡತಿ ಫೋನು ಮಾಡಿದಳು.

"ನಾಳೆ ರಜೆ ಸಿಗೋದು ಖಂಡಿತಾನಾ? ಮಕ್ಕಳನ್ನ ಅಮ್ಮನ ಮನೆಗೆ ಕಳಿಸ್ತೀನಿ. ಬಾಗಿಲು ಹಾಕ್ಕೊಂಡು ಮಲಗಿ. ನಾನೂ ಮಾತಾಡಿಸಲ್ಲ."

"ನೀನೂನಾ?" ಎಂದು ಲೇಪಣ್ಣ ಫೋನನ್ನು ಕಿವಿಗೆ ಒತ್ತಿಕೊಂಡ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಷ್ಟು ಪ್ರೀತಿಯ ಮಾತು ಅವನು ಕೇಳಿರಲಿಲ್ಲ.

ಆಗ ಯಜಮಾನರೇ ಬಂದರು. "ಎಲ್ಲೀವರೆಗೂ ಬಂತಪ್ಪಾ?" ಎನ್ನುತ್ತ ಬಟ್ಟೆ ಸರಿಸಿ, ಎಮ್ಮೆಯ ಬೆನ್ನು ತಟ್ಟುವವರ ಹಾಗೆ ಅಂಗೈಯಗಲ ಎರಡು ಸಲ ತಟ್ಟಿದರು. ಯಜಮಾನರಿಗೆ ಬೈಯುವಂತಿಲ್ಲ. ಲೇಪಣ್ಣ ತುಟಿ ಕಚ್ಚಿ, "ಈಗ ತಾನೇ ಎರಡು ಹೆಜ್ಜೆ ಹಿಂದಕ್ಕೆ ಬಂತು ಸಾರ್" ಎಂದ. ಯಜಮಾನರಿಗೆ ಅರ್ಥವಾಗಲಿಲ್ಲ. "ಬೇಗ ಬೇಗ" ಎಂದು ಹೋದರು.

ನಾಲ್ಕನೆಯ ಸಲ ಹರಳು ಬಡಿದ ಮೇಲೆ ಲೇಪಣ್ಣ ಗನ್ನಿನ ಕೋಣೆಯ ಒಳಗಿನಿಂದ ಚಿಲಕ ಹಾಕಿಕೊಂಡ. ಹೊರಗೆ ಯಾರೋ ಬಾಗಿಲು ಬಡಿದರು, ಯಾರೋ ಚಹಾ ಆರುತ್ತೆ ಎಂದು ಕೂಗಿದರು. ಅವನು ಗನ್ನು ಹಚ್ಚಿದ. ನೀಲಿ ಜ್ವಾಲೆ ಸಿಡಿಲಿನಂತೆ ಮೊರೆಯಿತು. ಬಾಗಿಲಾಚೆಯ ಲೋಕ ಮುಳುಗಿಹೋಯಿತು. ಕೊಳವೆ ನಿಧಾನವಾಗಿ ತಿರುಗುತ್ತಿತ್ತು, ಪುಡಿ ಕಿಡಿಕಿಡಿಯಾಗಿ ಅದರ ಮೈಗೆ ಅಂಟುತ್ತಿತ್ತು. ಆ ಗದ್ದಲದಲ್ಲಿ ಅವನಿಗೆ ಇಪ್ಪತ್ತಾರು ದಿನದಲ್ಲಿ ಮೊದಲ ಸಲ ನೆಮ್ಮದಿಯೆನಿಸಿತು. ದಿಂಬಿನ ಮೋಡ ಮತ್ತೆ ತೇಲಿ ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ಲೇಪ ಮುಗಿಯಿತು. ಎಲ್ಲಿಯೂ ಒಂದು ಬಿರುಕಿಲ್ಲ, ಗುಳ್ಳೆಯಿಲ್ಲ. ಸ್ಟೋರಿನ ಮಾವ ಅರ ತಂದು ಗಸಗಸ ಉಜ್ಜಿದರು. ಲೇಪಕ್ಕೆ ಏನೂ ಆಗಲಿಲ್ಲ, ಅರದ ಹಲ್ಲು ಬೋಳಾಯಿತು. ಯಜಮಾನರು ಅಲ್ಲೇ ಹಾಜರಿ ಪುಸ್ತಕ ತರಿಸಿ, ಲೇಪಣ್ಣನ ಹೆಸರಿನ ಮುಂದೆ ನಾಳೆಯ ಚೌಕದಲ್ಲಿ "ರಜೆ" ಎಂದು ದಪ್ಪಗೆ ಬರೆದು ರುಜು ಹಾಕಿದರು. "ಮಾತು ಅಂದ್ರೆ ಮಾತು" ಎಂದರು.

ಲಾರಿಯ ಜೊತೆ ಕೊರೆಯುವ ಕಂಪನಿಯ ಎಂಜಿನಿಯರಮ್ಮ ಬಂದಿದ್ದರು. ಕನ್ನಡಕ ಏರಿಸಿ ಕೊಳವೆಯನ್ನು ಒಂದು ಸುತ್ತು ನೋಡಿದರು.

"ಬಹಳ ಚೆನ್ನಾಗಿದೆ. ಸರಿ, ಬೋಳು ಕೊಳವೆ ಎಲ್ಲಿ?"

"ಯಾವ ಬೋಳು? ಎರಡಕ್ಕೂ ಲೇಪ ಆಯ್ತಲ್ಲ," ಎಂದರು ಯಜಮಾನರು.

"ಕಾಗದದಲ್ಲಿ ಬರೆದಿದ್ವಲ್ಲಾ ಸಾರ್. ಎರಡರಲ್ಲಿ ಒಂದಕ್ಕೆ ಮಾತ್ರ ಲೇಪ ಮಾಡಿ, ಇನ್ನೊಂದನ್ನ ಹಾಗೇ ಬಿಡಿ. ಎರಡನ್ನೂ ಒಂದೇ ಬಾವಿಗೆ ಇಳಿಸಿ, ಯಾವುದು ಎಷ್ಟು ಸವೆಯುತ್ತೆ ಅಂತ ಹೋಲಿಸಿ ನೋಡಬೇಕು. ಎರಡಕ್ಕೂ ಬಳಿದುಬಿಟ್ರೆ ನಾನು ಯಾವುದನ್ನ ಯಾವುದಕ್ಕೆ ಹೋಲಿಸಲಿ?"

ಎಲ್ಲರೂ ಟಪಾಲಕ್ಕನನ್ನು ನೋಡಿದರು. ಟಪಾಲಕ್ಕ ಯಜಮಾನರನ್ನು ನೋಡಿದಳು. "ನಾನು ಪೂರ್ತಿ ಕಾಗದ ಕೊಟ್ಟಿದ್ದೆ ಸಾರ್, ಎರಡೂ ಹಾಳೆ."

"ಮೊದಲನೇ ಹಾಳೆ ಓದಿದೆ," ಎಂದರು ಯಜಮಾನರು ಮೆಲ್ಲಗೆ. "ಎರಡನೇದ್ರಲ್ಲಿ ವಂದನೆಗಳು ಇರುತ್ತೆ ಅಂದ್ಕೊಂಡೆ."

"ಹಾಗಾದ್ರೆ ಕೆರೆದು ತೆಗೀರಿ. ಲಾರಿ ನಾಳೆ ಸಂಜೆವರೆಗೂ ಕಾಯುತ್ತೆ," ಎಂದು ಎಂಜಿನಿಯರಮ್ಮ ಕುರ್ಚಿ ಹುಡುಕಿಕೊಂಡರು.

ಸ್ಟೋರಿನ ಮಾವ ಲೇಪಣ್ಣನ ಕಿವಿಯಲ್ಲಿ ಉಸುರಿದರು: "ಬೆಳಗ್ಗೆ ನಾನು ಸವರಿದ್ಮೇಲೆ ಹಾಗೇ ಬಳಿದಿದ್ರೆ ಈಗ ಉಗುರಲ್ಲೇ ಎದ್ದು ಬರ್ತಿತ್ತು. ನಮ್ಮ ಮಾತು ಯಾರು ಕೇಳ್ತಾರೆ!"

ಲೇಪಣ್ಣ ಕೈಗಾಡಿಯ ಮೇಲೆ ಕುಳಿತ. ನಿಲ್ಲಲು ಬೇಕಾದ ಶಕ್ತಿಯನ್ನೆಲ್ಲ ಆ ಕೊಳವೆಯ ಮೈಗೆ ಬಳಿದಾಗಿತ್ತು. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು.

"ನೀನೇ ತೆಗೀಬೇಕಪ್ಪಾ. ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನಿನಗಲ್ದೆ ಇನ್ಯಾರಿಗೆ ಗೊತ್ತು?"

ಮರುದಿನ ಬೆಳಗ್ಗೆ ಏಳರಿಂದ ಲೇಪಣ್ಣ ವಜ್ರದ ಪುಡಿ ಕೂರಿಸಿದ ಚಕ್ರ ಹಿಡಿದು ತನ್ನದೇ ಲೇಪವನ್ನು ಕೂದಲೆಳೆ ಕೂದಲೆಳೆಯಾಗಿ ಅರೆದ. ಲೇಪ ಅವನ ಕೈಕೆಲಸದ ಮರ್ಯಾದೆ ಕಾಪಾಡಿತು. ಎರಡು ಚಕ್ರ ನುಂಗಿತು. ಆ ದಿನ ಯಾರೂ ಕೊಳವೆಯನ್ನು ಮುಟ್ಟಲು ಬರಲಿಲ್ಲ. ಎಷ್ಟು ಬೇಕಾದರೂ ಮುಟ್ಟಬಹುದಾದ ವಸ್ತು ಯಾರಿಗೆ ಬೇಕು? ಸಂಜೆ ಐದಕ್ಕೆ ಕೊಳವೆ ಹುಟ್ಟಿದ ದಿನದಂತೆ ಬೋಳಾಗಿ ಹೊಳೆಯುತ್ತ ಲಾರಿ ಹತ್ತಿತು.

ಲೇಪಣ್ಣ ಕೈ ತೊಳೆದು, ಯಜಮಾನರ ಮೇಜಿನ ಮುಂದೆ ನಿಂತ.

"ಕೆಲಸ ಮುಗೀತು ಸಾರ್. ಆ ರಜೆ... ನಾಳೆ ತಗೊಳ್ಳಲಾ?"

ಯಜಮಾನರು ಹಾಜರಿ ಪುಸ್ತಕ ತೆರೆದು, ಇವತ್ತಿನ ಚೌಕದಲ್ಲಿ ತಮ್ಮದೇ ದಪ್ಪ ಅಕ್ಷರಗಳನ್ನು ಕಂಡು ಆಶ್ಚರ್ಯಪಟ್ಟರು.

"ಇದೇನಪ್ಪಾ, ರಜೆ ಇವತ್ತು ತಗೊಂಡಾಯ್ತಲ್ಲ. ರುಜು ಬೇರೆ ಹಾಕಿದೀನಿ, ಹೊಡೆದುಹಾಕೋಕೆ ಬರಲ್ಲ," ಎಂದು ಪುಸ್ತಕ ಮುಚ್ಚಿ, ಅವನ ಮುಖವನ್ನು ಕನಿಕರದಿಂದ ದಿಟ್ಟಿಸಿದರು. "ಅಲ್ಲಾ, ಒಂದು ಇಡೀ ದಿನ ರಜೆ ಕೊಟ್ರೂ ಇಷ್ಟೊಂದು ಸುಸ್ತಾಗಿದೀಯಲ್ಲೋ!"