ಸಿನಿಮಾದ ಮೊದಲ ಇಪ್ಪತ್ತು ನಿಮಿಷ

ಹೇಳಿದ ಬೆಲೆಗೆ ಒಂದು ವಸ್ತುವನ್ನು ಕೊಂಡು ತಂದ ದಿನ ನನಗೆ ಊಟ ರುಚಿಸುವುದಿಲ್ಲ. ಇದು ಜಿಪುಣತನ ಎಂದು ನನ್ನ ಬೀಗರು ತಿಳಿದಿದ್ದಾರೆ, ತಿಳಿದುಕೊಳ್ಳಲಿ. ಸಂತೆಯಲ್ಲಿ ಗೋಣಿತಾಟು ಹಾಸಿಕೊಂಡು ಅಲ್ಯೂಮಿನಿಯಂ ಪಾತ್ರೆ ಮಾರಿ, ಅಲ್ಲಿಂದ ತಳ್ಳುಗಾಡಿಗೆ, ತಳ್ಳುಗಾಡಿಯಿಂದ ಶ್ರೀರಾಂಪುರದ ಸ್ವಂತ ಸ್ಟೀಲ್ ಪಾತ್ರೆ ಅಂಗಡಿಗೆ ಬಂದವನು ನಾನು. ಚೌಕಾಸಿ ಎಂದರೆ ನನ್ನ ಪಾಲಿಗೆ ದುಡ್ಡು ಉಳಿಸುವ ಉಪಾಯವಲ್ಲ, ಎದುರಿಗೆ ನಿಂತ ಮನುಷ್ಯನಿಗೆ ಕೊಡುವ ಮರ್ಯಾದೆ. ಅವನೊಂದು ಹೇಳಬೇಕು, ನಾನೊಂದು ಕೇಳಬೇಕು, ಅವನು ಆಗೋದಿಲ್ಲ ಎನ್ನಬೇಕು, ನಾನು ಹೊರಟಂತೆ ಮಾಡಬೇಕು, ಅವನು ಕರೆಯಬೇಕು. ಈಗಿನ ಸಿನಿಮಾ ಥಿಯೇಟರುಗಳ ಮೇಲೆ ನನಗಿರುವ ಮೊದಲ ಸಿಟ್ಟೇ ಇದು. ಅಲ್ಲಿ ಮಾತಾಡೋಣವೆಂದರೆ ಮನುಷ್ಯರಿಲ್ಲ. ಟಿಕೆಟ್ ಫೋನಿನಲ್ಲೇ ತೆಗೆಯಬೇಕು. ತೆಗೆದರೆ, ಟಿಕೆಟ್ಟಿನ ಬೆಲೆಯ ಕೆಳಗೆ ಅನುಕೂಲದ ಶುಲ್ಕ ಎಂದು ಇನ್ನೊಂದು ಸಾಲು ಬರುತ್ತದೆ. ಯಾರ ಅನುಕೂಲ ಸ್ವಾಮಿ? ಮನೆ ನನ್ನದು, ಫೋನು ನನ್ನದು, ಕರೆಂಟು ನನ್ನದು, ಕನ್ನಡಕ ಹಾಕಿಕೊಂಡು ಒತ್ತುವ ಬೆರಳೂ ನನ್ನದು. ಅದನ್ನಾದರೂ ಬಿಡಿಸಿಕೊಳ್ಳೋಣವೆಂದು ನಾನು ಹೊರಟಂತೆ ಮಾಡಿದೆ, ಎಂದರೆ ಫೋನ್ ಆಫ್ ಮಾಡಿ ಹತ್ತು ನಿಮಿಷ ಸುಮ್ಮನೆ ಕೂತೆ. ಆನ್ ಮಾಡಿ ನೋಡಿದರೆ ಅದು ನನ್ನನ್ನು ಕರೆದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನ ಎರಡು ಒಳ್ಳೆಯ ಸೀಟುಗಳನ್ನು ಬೇರೆ ಯಾರೋ ತೆಗೆದುಕೊಂಡಿದ್ದರು.

ಮೊದಲು ಹೀಗಿರಲಿಲ್ಲ. ಮೈಸೂರಿನಲ್ಲಿ ಒಂದೊಂದು ರಸ್ತೆಗೆ ಒಂದೊಂದು ದೊಡ್ಡ ಥಿಯೇಟರ್ ಇದ್ದ ಕಾಲದಲ್ಲಿ ಬಾಗಿಲ ಹೊರಗೆ ಬ್ಲ್ಯಾಕ್ ಟಿಕೆಟ್ ಮಾರುವವರು ನಿಂತಿರುತ್ತಿದ್ದರು. ಜನ ಅವರನ್ನು ಬೈಯುತ್ತಿದ್ದರು. ನಾನು ಬೈಯುತ್ತಿರಲಿಲ್ಲ, ಅವರ ಕಸುಬನ್ನು ಅರ್ಥ ಮಾಡಿಕೊಂಡಿದ್ದೆ. ಬ್ಲ್ಯಾಕ್ ಟಿಕೆಟ್ ಎಂಬುದು ಸೊಪ್ಪಿನ ಹಾಗೆ. ಹೊತ್ತು ಏರಿದಂತೆ ಬಾಡುತ್ತದೆ. ಆಟ ಶುರುವಾಗುವ ಮೊದಲು ಎರಡರಷ್ಟು ಬೆಲೆ ಹೇಳಿದವನು ಬೆಲ್ ಹೊಡೆದ ಕೂಡಲೇ ಮೆತ್ತಗಾಗುತ್ತಾನೆ, ಒಳಗಿನಿಂದ ಹಾಡು ಕೇಳಿಸಿದರೆ ತಾನೇ ಹುಡುಕಿಕೊಂಡು ಬರುತ್ತಾನೆ. ಹಾಗಾಗಿ ನಾನು ಎದುರಿನ ಕ್ಯಾಂಟೀನಿನಲ್ಲಿ ಒಂದು ಕಾಫಿ ಹಿಡಿದು ಕೂತಿದ್ದು, ಒಳಗೆ ಟೈಟಲ್ ಮುಗಿದು ಕತೆ ಸುಮಾರು ಇಪ್ಪತ್ತು ನಿಮಿಷ ಸಾಗಿದ ಮೇಲೆ ಹೋಗಿ ಬಾಲ್ಕನಿ ಟಿಕೆಟನ್ನು ಗಾಂಧಿ ಕ್ಲಾಸಿನ ಬೆಲೆಗೆ ತರುತ್ತಿದ್ದೆ. ಈ ವಿದ್ಯೆಯನ್ನು ಎಷ್ಟೋ ಸ್ನೇಹಿತರಿಗೆ ಹೇಳಿಕೊಟ್ಟಿದ್ದೇನೆ.

ಇದರಲ್ಲಿ ಒಬ್ಬರಿಗೆ ನಷ್ಟವಾಗುತ್ತಿತ್ತು ಎಂಬುದು ನನ್ನ ಗಮನಕ್ಕೆ ಬಂದದ್ದು ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ. ನನ್ನ ಹೆಂಡತಿ ಗಿರಿಜ ಒಂಟಿಕೊಪ್ಪಲಿನ ಹುಡುಗಿ. ಸಿನಿಮಾ ಎಂದರೆ ಪ್ರಾಣ. ಮದುವೆಯಾದ ಹೊಸದರಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಆ ಕ್ಯಾಂಟೀನಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದಳು. ಶುರುವಿನಲ್ಲಿ ಏನಾಯಿತೆಂದು ಕೇಳಿದರೆ ನಾನು ಊಹಿಸಿ ಏನಾದರೂ ಹೇಳುತ್ತಿದ್ದೆ. ಹೀಗಾಗಿ ಅವಳು ನೋಡಿದ ನೂರಾರು ಸಿನಿಮಾಗಳಲ್ಲಿ ಯಾರೂ ಹುಟ್ಟಿಲ್ಲ. ಎಲ್ಲ ನಾಯಕರೂ ಮೀಸೆ ಹೊತ್ತುಕೊಂಡೇ ಬಂದಿದ್ದಾರೆ. ಯಾಕೆ ಸೇಡು, ಯಾರ ಮೇಲೆ ಸೇಡು ಎಂಬುದು ಅವಳಿಗೆ ಕೊನೆಯ ಹೊಡೆದಾಟದಲ್ಲಿ ತಿಳಿಯುತ್ತಿತ್ತು. ಆಮೇಲೆ ಅಂಗಡಿ, ಮಕ್ಕಳು, ಸೈಟು, ಮನೆ ಎಂದು ವರ್ಷಗಟ್ಟಲೆ ನಾವು ಥಿಯೇಟರಿನ ಕಡೆ ತಲೆ ಹಾಕಲಿಲ್ಲ. ಹೋದ ತಿಂಗಳು ಒಂದು ಹೊಸ ಚಿತ್ರದ ಸುದ್ದಿ ಎಲ್ಲರ ಬಾಯಲ್ಲೂ ಓಡಾಡತೊಡಗಿದಾಗ ಅವಳು ನನಗೆ ಅನ್ನ ಬಡಿಸುತ್ತ ಬಹಳ ಮೆತ್ತಗೆ ಹೇಳಿದಳು:

"ಒಂದೇ ಒಂದು ಸಲ ಟೈಟಲ್ ಬೀಳೋದ್ರಿಂದ ನೋಡ್ಬೇಕು ಕಣ್ರೀ. ಇನ್ನೇನೂ ಕೇಳಲ್ಲ ನಿಮ್ಮನ್ನ."

ಒಡವೆ ಕೇಳಿದ್ದರೆ ಚೌಕಾಸಿ ಮಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ದೇವರ ಮನೆಯ ಕಡೆ ತಿರುಗಿ ಆಗಲಿ ಎಂದು ಮಾತು ಕೊಟ್ಟೆ. ಅನುಕೂಲದ ಶುಲ್ಕವನ್ನೂ ತೆತ್ತೆ.

ಭಾನುವಾರ ಬೆಳಗಿನ ಹನ್ನೊಂದರ ಆಟ. ಹತ್ತೂಕಾಲಿಗೇ ಮಾಲ್ ಮುಂದೆ ಇದ್ದೆವು. ನೀವು ಹೋಗುವುದಾದರೆ ಒಂದು ಮಾತು ಕೇಳಿ: ಸ್ಕೂಟರನ್ನು ಒಳಗೆ ನಿಲ್ಲಿಸಬೇಡಿ. ಎರಡು ಗಲ್ಲಿ ಆಚೆ ನಿಲ್ಲಿಸಿ, ನಡೆದು ಬಂದರೆ ಮೊಣಕಾಲಿಗೂ ಒಳ್ಳೆಯದು. ಒಳಗೆ ಅದನ್ನು ನಿಲ್ಲಿಸಿದ್ದಕ್ಕೆ ಅವರು ಕೇಳುವ ಬಾಡಿಗೆಯಲ್ಲಿ ನಮ್ಮ ಕಡೆ ಒಂದು ಹಸುವನ್ನು ಕಟ್ಟಬಹುದು. ನಾಲ್ಕನೇ ಮಹಡಿಗೆ ತಾನೇ ಚಲಿಸುವ ಮೆಟ್ಟಿಲಲ್ಲಿ ಹೋಗಬೇಕು. ಆ ಮೆಟ್ಟಿಲು ಒಂದು ಮಹಡಿ ಹತ್ತಿಸಿ ಮುಂದಿನ ಮೆಟ್ಟಿಲಿಗೆ ಹೋಗಲು ಇಡೀ ಮಹಡಿ ಸುತ್ತಿಸುತ್ತದೆ. ದಾರಿಯಲ್ಲಿರುವ ಅಂಗಡಿಗಳನ್ನೆಲ್ಲ ನೋಡಲಿ ಎಂದು ಹಾಗೆ ಮಾಡಿದ್ದಾರೆ. ನಾನು ವ್ಯಾಪಾರಿ, ನನಗೆ ಇದು ಗೊತ್ತಾಗುವುದಿಲ್ಲವೇ? ಬೇಕೆಂದೇ ನೆಲ ನೋಡಿಕೊಂಡು ನಡೆದೆ. ಗಿರಿಜ ನನ್ನ ಎರಡು ಹೆಜ್ಜೆ ಮುಂದೆ, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ ಹೋಗುತ್ತಿದ್ದಳು.

ಬಾಗಿಲಲ್ಲಿ ತಪಾಸಣೆ. ಗಂಡಸರಿಗೆ ಒಂದು ಸಾಲು, ಹೆಂಗಸರಿಗೆ ಪರದೆಯ ಹಿಂದೆ ಇನ್ನೊಂದು. ಫೋನ್ ತೋರಿಸಿದೆ, ಇಬ್ಬರದೂ ಟಿಕೆಟ್ ಸರಿ ಎಂದರು. ಗಿರಿಜ ಕೈಯಲ್ಲಿ ಒಂದು ಕರವಸ್ತ್ರ ಬಿಟ್ಟು ಏನೂ ಇಲ್ಲದೆ ಪರದೆ ದಾಟಿ ಆಚೆ ಹೋಗಿ ನಿಂತಳು. ನನ್ನ ಕೈಚೀಲವನ್ನು ಮಾತ್ರ ತೆಗೆಯಿರಿ ಎಂದರು. ಅದರಲ್ಲಿ ಒಂದು ಬಾಟಲಿ ನೀರು, ಒಂದು ಡಬ್ಬಿ ಕೋಡುಬಳೆ. ಹಿಂದಿನ ದಿನ ಗಿರಿಜಳೇ ಕರಿದದ್ದು. ತರಬೇಡಿ ಎಂದು ಅವಳು ಹೇಳಿದ್ದಳು, ಒಪ್ಪುತ್ತೇನೆ. ಆದರೆ ಜೋಳವನ್ನು ಹುರಿದು ಅರಳಿಸಿದ್ದಕ್ಕೆ, ಅದೂ ಮುಕ್ಕಾಲು ಪಾಲು ಗಾಳಿ, ಜನ ಹಾಗೆ ದುಡ್ಡು ಸುರಿಯುವುದನ್ನು ನೋಡಿಕೊಂಡು ಮೂರು ಗಂಟೆ ಬಾಯಿ ಒಣಗಿಸಿಕೊಂಡು ಕೂರುವುದು ಸ್ವಾಭಿಮಾನ ಇರುವವನಿಗೆ ಸಾಧ್ಯವೇ?

ಕಾವಲಿನವನು ಮೂವತ್ತರ ಆಸುಪಾಸಿನವನು. ಕಡಕೊಳದ ಕಡೆಯವನೆಂದು ಆಮೇಲೆ ತಿಳಿಯಿತು. ಹೊರಗಿನ ತಿಂಡಿ ಬಿಡುವ ಹಾಗಿಲ್ಲ ಎಂದ. ಯಾವ ಕಾನೂನು ಎಂದೆ. ರೂಲ್ಸು ಎಂದ. ಯಾರ ರೂಲ್ಸು ಎಂದೆ. ಅವನು ಮೇಲೆ ನೋಡಿದ. ದೇವರನ್ನು ತೋರಿಸಿದನೆಂದುಕೊಂಡೆ, ಕ್ಯಾಮೆರಾ. ಸರಿ, ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು ನನಗೆ ಒಳಗೊಳಗೇ ಹುಮ್ಮಸ್ಸು ಬಂತು. ಅರ್ಧ ಡಬ್ಬಿ ನಿನಗೆ, ಅರ್ಧ ನನಗೆ ಎಂದೆ. ಅವನು ತಲೆ ಆಡಿಸಿದ. ಮುಕ್ಕಾಲು ನಿನಗೆ ಎಂದೆ. ಬೇಡ ಎಂದ. ಹೊರಟಂತೆ ಮಾಡಿದೆ, ಅವನು ಸಂತೋಷವಾಗಿ ಹಿಂದಿನವರನ್ನು ಕರೆದ. ಡಬ್ಬಿಯನ್ನು ಅಲ್ಲಿಟ್ಟು ಟೋಕನ್ ತೆಗೆದುಕೊಳ್ಳಿ, ವಾಪಸು ಹೋಗುವಾಗ ಕೊಡುತ್ತೇವೆ ಎಂದು ಕೌಂಟರಿನ ಹೆಂಗಸು ಹೇಳಿದಳು. ಮನೆಯಲ್ಲಿ ಮಾಡಿದ ತಿಂಡಿಯನ್ನು ಪರರ ವಶದಲ್ಲಿ ಬಿಟ್ಟು, ತಿನ್ನಲು ಟೋಕನ್ ಇಟ್ಟುಕೊಳ್ಳುವುದೇ? ನನಗೆ ರೇಗಿತು. ಮ್ಯಾನೇಜರನ್ನು ಕರೆಯಿರಿ ಎಂದೆ. ಅವರು ಬರುವ ಸೂಚನೆಯೇ ಇರಲಿಲ್ಲ, ಅಷ್ಟರಲ್ಲಿ ಹನ್ನೊಂದಾಯಿತು. ಗಿರಿಜ ಆಚೆಯಿಂದ ನನ್ನನ್ನೂ ಒಳಬಾಗಿಲನ್ನೂ ಎರಡು ಸಲ ನೋಡಿದಳು. ಆಗೆಲ್ಲ ಕ್ಯಾಂಟೀನಿನ ಬೆಂಚಿನ ಮೇಲೆ ಕಾದವಳು ಇಲ್ಲೂ ಕಾಯುತ್ತಾಳೆಂದು ನಾನು ನಿಶ್ಚಿಂತೆಯಾಗಿದ್ದೆ.

"ನೀವು ಮುಗಿಸ್ಕೊಂಡು ಬನ್ರೀ, ನಾನು ಒಳಗಿರ್ತೀನಿ" ಎಂದಳು. ಕಾವಲಿನವನ ಕಡೆ ತಿರುಗಿ, "ಇವರು ಬೇಗ ಬುಡಲ್ಲ ಕಣಪ್ಪ, ನೀನೊಂದು ಕುರ್ಚಿ ಹಾಕ್ಕೊಂಡು ಕೂತ್ಕೋ" ಎಂದು ಹೇಳಿ, ಹಿಂತಿರುಗಿ ನೋಡದೆ ಹೋದಳು.

ಆಗಲೂ ಬುದ್ಧಿ ಬರಬೇಕಿತ್ತು. ಆದರೆ ಸೋತು ಒಳಗೆ ಹೋಗುವುದು ನನ್ನ ಜಾಯಮಾನವಲ್ಲ. ಹೊರಗಿನ ತಿಂಡಿ ಕೈಯಲ್ಲಿದ್ದರೆ ತಾನೇ ತಕರಾರು, ಹೊಟ್ಟೆಯಲ್ಲಿದ್ದರೆ? ಅಲ್ಲೇ ನಿಂತು ಡಬ್ಬಿ ತೆರೆದು ತಿನ್ನತೊಡಗಿದೆ. ಮೊದಲ ಐದಾರು ಕೋಡುಬಳೆ ಹಟದ ಮೇಲೆ ಹೋದವು. ಆಮೇಲೆ ಗಂಟಲು ಒಣಗಿತು. ನೀರಿನ ಬಾಟಲಿಯನ್ನು ಅವರು ಆಗಲೇ ಎತ್ತಿ ಡ್ರಮ್ಮಿಗೆ ಹಾಕಿದ್ದರು. ಹಿಂದೆ ಬಂದ ಸಂಸಾರಗಳು ನನ್ನನ್ನು ಸುತ್ತಿ ಬಳಸಿ ಹೋದವು. ಒಂದು ಮಗು ಕೈ ಚಾಚಿತು, ಅದಕ್ಕೊಂದು ಕೊಟ್ಟೆ. ಕಾವಲಿನವನಿಗೂ ಕೊನೆಗೆ ಕನಿಕರ ಬಂತೋ, ಬೇಗ ಮುಗಿಯಲಿ ಎಂತಲೋ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಎರಡು ತೆಗೆದುಕೊಂಡ.

"ಸಂದಾಗದೆ ಸಾರ್" ಎಂದ, ನಮ್ಮ ಹಳ್ಳಿಗಳ ಕಡೆ ಚೆನ್ನಾಗಿದೆ ಎನ್ನುವುದು ಹಾಗೆ. "ಮನೇಲಿ ಮಾಡಿದ್ದಾ? ಎಂಗೋ ನಿಮ್ಮ ಮನೆಯೋರು ಒಳಕ್ಕೋದ್ರು ಬುಡಿ, ಅವರಾದ್ರೂ ನೋಡ್ಲಿ." ತನ್ನ ಸ್ವಂತ ಬಾಟಲಿಯಿಂದ ನನಗೆ ಎರಡು ಗುಟುಕು ನೀರನ್ನೂ ಕೊಟ್ಟ. ಹೊರಗಿನ ನೀರು.

ಖಾಲಿ ಡಬ್ಬಿಯೊಂದಿಗೆ ನಾನು ಗೆದ್ದವನಾಗಿ ಒಳಗೆ ಹೋದಾಗ ಕತ್ತಲೆ. ಜಾಹೀರಾತುಗಳೇ ಅರ್ಧ ಗಂಟೆ ಓಡುತ್ತವೆ, ಏನೂ ತಪ್ಪಿರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ, ತಪ್ಪಿಹೋಗಿತ್ತು. ಒಬ್ಬರ ಕಾಲು ತುಳಿದು, ಇನ್ನೊಬ್ಬರ ಮಡಿಲಲ್ಲಿ ಅರೆಕ್ಷಣ ಕೂತು, ಅಂತೂ ಗಿರಿಜಳ ಪಕ್ಕಕ್ಕೆ ಬಂದೆ. ಪರದೆಯ ಮೇಲೆ ನಾಯಕ ಆಗಲೇ ದೊಡ್ಡವನಾಗಿದ್ದ. ಲಾರಿ ಓಡಿಸುತ್ತಿದ್ದ. ಜೇಬಿನಿಂದ ಒಂದು ಹಳೆಯ ಸೈಕಲ್ ಬೆಲ್ ತೆಗೆದು ಒರೆಸಿ ಮತ್ತೆ ಒಳಗಿಟ್ಟ. ಇಡೀ ಥಿಯೇಟರ್ ನಿಟ್ಟುಸಿರುಬಿಟ್ಟಿತು. ಯಾಕೆ ಎಂದು ಗಿರಿಜಳನ್ನು ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲಿನ ಎರಡು ಗಂಟೆ ನನ್ನ ಪಾಡು ಯಾರಿಗೂ ಬೇಡ. ಆ ಬೆಲ್ ಹೊರಗೆ ಬಂದಾಗಲೆಲ್ಲ ಜನ ಮೂಗು ಸೀಟುತ್ತಾರೆ. ಕೊನೆಯಲ್ಲಿ ಬಸ್‌ಸ್ಟ್ಯಾಂಡಿನ ಗುಂಪಿನಲ್ಲಿ ಅವನು ಅದನ್ನು ಒಂದು ಸಲ ಒತ್ತಿದ. ದೂರದಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಗಕ್ಕನೆ ನಿಂತು ತಿರುಗಿದಳು. ಅಷ್ಟಕ್ಕೆ ಗಿರಿಜಳ ಕರವಸ್ತ್ರ ಒದ್ದೆಮುದ್ದೆ. ನನ್ನ ಎಡಗಡೆಯ ದೊಡ್ಡ ಮೀಸೆಯ ಮನುಷ್ಯ ಬಿಕ್ಕುತ್ತಿದ್ದ. ಇಡೀ ಹಾಲಿನಲ್ಲಿ ಒಣಗಿದ ಕಣ್ಣು ನನ್ನದೊಂದೇ, ಜೊತೆಗೆ ಗಂಟಲೂ.

ಸ್ಕೂಟರಿನ ಹತ್ತಿರ ಬಂದ ಮೇಲೆ ತಡೆಯಲಾರದೆ ಕೇಳಿದೆ, ಆ ಬೆಲ್ಲಿಂದು ಏನು ಕತೆ ಎಂದು. ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಕೂತಳು.

"ಅದು ಹೇಳೋ ಅಂಥದ್ದಲ್ಲ ಕಣ್ರೀ, ನೋಡೋ ಅಂಥದ್ದು. ಬೇಕಾದ್ರೆ ಇನ್ನೊಂದು ಟಿಕೆಟ್ ತಗೊಂಡು ಹೋಗಿ ನೋಡಿ, ಪೂರ್ತಿ ರೇಟಿಗೆ."

ಕೋಪ ಬಂತು. ಕಟ್ಟಿಕೊಂಡ ಗಂಡನಿಗೆ ಹೇಳುವ ಮಾತೇ ಇದು? ಮೂರು ದಿನ ಕೋಪದಲ್ಲೇ ಇದ್ದೆ. ಬುಧವಾರ ಬೆಳಿಗ್ಗೆ, ಕಡಕೊಳದ ಕಾರ್ಖಾನೆಯಲ್ಲಿ ಪಾತ್ರೆಯ ಲೋಡ್ ನೋಡಿಕೊಂಡು ಬರುತ್ತೇನೆಂದು ಹೇಳಿ ನೇರ ಮಾಲಿಗೆ ಹೋದೆ. ಕೈಚೀಲ ಒಯ್ಯಲಿಲ್ಲ. ಜಾಹೀರಾತುಗಳನ್ನೆಲ್ಲ ನೋಡಿದೆ. ಟೈಟಲ್ ನೋಡಿದೆ. ಒಬ್ಬ ಹುಡುಗ ತಂಗಿಯನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹಿಟ್ಟಿನ ಗಿರಣಿಗೆ ಹೋಗುತ್ತಾನೆ. ಅವಳು ದಾರಿಯುದ್ದಕ್ಕೂ ಬೆಲ್ ಒತ್ತುತ್ತಾಳೆ. ಅವನು ಹಿಟ್ಟು ಬೀಸಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಸೈಕಲ್ ಬಿದ್ದಿದೆ, ಮಗು ಇಲ್ಲ, ಬೆಲ್ ಮಾತ್ರ ಮಣ್ಣಿನಲ್ಲಿದೆ. ಅಷ್ಟೇ. ಮುಂದಿನದು ಗೊತ್ತಿದ್ದುದರಿಂದ ಎದ್ದು ಬಂದೆ. ಇಪ್ಪತ್ತು ನಿಮಿಷಕ್ಕೆ ಮೂರು ಗಂಟೆಯ ಬೆಲೆ ಕೊಟ್ಟ ಮೈಸೂರಿನ ಏಕೈಕ ವ್ಯಾಪಾರಿ ನಾನೇ ಇರಬೇಕು. ಹೊರಗೆ ಬರುವಾಗ ಕಣ್ಣು ಸ್ವಲ್ಪ ತೇವವಾಗಿತ್ತು. ಅಲ್ಲಿನ ಏಸಿ ಗಾಳಿ ಹಾಗೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಗಿರಿಜ ಈಗ ಆ ಶುರುವನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳೆ. ನಿನ್ನೆ ಕಾಂಪೌಂಡಿನ ಮೇಲೆ ಒರಗಿಕೊಂಡು ಪಕ್ಕದ ಮನೆಯ ನಾಗಮಣಿಯವರಿಗೆ ಹೇಳುತ್ತಿದ್ದುದು ನನಗೆ ಒಳಗೆ ಕೇಳಿಸಿತು. ತಾಯಿ ಬೆಳಿಗ್ಗೆಯೇ ಬೇಡ ಹೋಗಬೇಡಿ ಎಂದಿದ್ದಳಂತೆ, ಕೆಟ್ಟ ಕನಸು ಬಿದ್ದಿತ್ತಂತೆ, ಆದರೂ ಇಬ್ಬರಿಗೂ ಬಿಸಿಬಿಸಿ ಉಪ್ಪಿಟ್ಟು ತಿನ್ನಿಸಿ ಕಳಿಸಿದಳಂತೆ. ಮಗು ಮೂರು ಸಲ ತಿರುಗಿ, ಅಣ್ಣಾ ಬೇಗ ಬಾ ಎಂದು ಕೂಗಿತಂತೆ. ನಾಗಮಣಿಯವರು ಕಣ್ಣೊರೆಸಿಕೊಂಡರು. ಆ ಚಿತ್ರದಲ್ಲಿ ತಾಯಿಯೇ ಇಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆ. ಉಪ್ಪಿಟ್ಟೆಲ್ಲಿಂದ ಬರಬೇಕು? ಮಗುವೂ ಒಂದು ಸಲವೂ ತಿರುಗಿ ನೋಡುವುದಿಲ್ಲ. ಇಷ್ಟು ವರ್ಷ ತಪ್ಪಿಸಿಕೊಂಡ ಆರಂಭಗಳನ್ನೆಲ್ಲ ಅವಳು ಇದೊಂದರೊಳಗೇ ತುಂಬಿಕೊಂಡಳೋ ಏನೋ. ತಪ್ಪು ಕಂಡಲ್ಲಿ ತಿದ್ದದೆ ಸುಮ್ಮನಿದ್ದ ಅಭ್ಯಾಸ ನನಗಿಲ್ಲ. ಬಾಯಿ ತೆರೆದೇಬಿಟ್ಟಿದ್ದೆ. ಆದರೆ ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಿದರೆ ಏನು ಹೇಳಲಿ? ಆ ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಇನ್ನು ಮುಂದೆಯೂ, ಬಂದ ನೆಂಟರೆಲ್ಲರ ಎದುರಿಗೆ, ಆ ಇಲ್ಲದ ತಾಯಿ ಉಪ್ಪಿಟ್ಟು ಮಾಡುವುದನ್ನು ಹೂಂಗುಟ್ಟುತ್ತ ಕೇಳಬೇಕು.

ಇದನ್ನೆಲ್ಲ ಬರೆದು ಅಚ್ಚಿಗೆ ಕೊಡುತ್ತಿದ್ದೇನಲ್ಲ, ಅವಳಿಗೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಆ ಭಯ ನನಗಿಲ್ಲ. ನಾನು ಬರೆದದ್ದೇನಿದ್ದರೂ ಅವಳು ಶುರುವಿನ ಎರಡು ಪ್ಯಾರಾ ಓದಿ, ಚೆನ್ನಾಗಿದೆ ಎಂದು ಎತ್ತಿಟ್ಟು, ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋಗುತ್ತಾಳೆ. ಅದಕ್ಕೇ ಬುಧವಾರದ ವಿಷಯವನ್ನು ಇಷ್ಟು ಕೆಳಗೆ ತಂದು ಇಟ್ಟಿದ್ದೇನೆ.