ಇನ್ನೊಬ್ಬ ಉಮೇದುವಾರ

ಬೆಂಚಿನ ಮೇಲೆ ಹೊಸಬನೊಬ್ಬ ಬಂದು ಕೂತದ್ದನ್ನು ಕಂಡದ್ದೇ ತಡ, ಗಣಪಯ್ಯನ ಬರೆಯುವ ಕೈ ನಿಂತಿತು.

ಕುಂದಾಪುರದ ಕಚೇರಿಯೊಂದರಲ್ಲಿ ಗಣಪಯ್ಯ ಉಮೇದುವಾರ. ಉಮೇದು ಅಂದರೆ ಆಸೆ. ಉಮೇದುವಾರ ಅಂದರೆ, ಎಂದಾದರೂ ಗುಮಾಸ್ತನಾದೇನು ಎಂಬ ಆಸೆಯಿಂದ ಸಂಬಳವಿಲ್ಲದೆ ನಕಲು ಬರೆಯುವ ಪ್ರಾಣಿ. ಆರು ವರ್ಷದಲ್ಲಿ ಅವನ ಹೆಸರೇ ಎಲ್ಲರಿಗೂ ಮರೆತಂತಿತ್ತು. ಶಿರಸ್ತೇದಾರರಿಂದ ಹಿಡಿದು ಜವಾನ ನಾಗನವರೆಗೆ ಎಲ್ಲರ ಬಾಯಲ್ಲೂ ಅವನು "ಉಮೇದುವಾರ್ರೆ". ಮಹಾಯುದ್ಧ ಶುರುವಾದ ಮೇಲೆ ಕೆಲಸ ಇಮ್ಮಡಿಯಾಯಿತು, ಕಾಗದ ಅರ್ಧವಾಯಿತು, ಗಣಪಯ್ಯ ಮಾತ್ರ ಇದ್ದಲ್ಲೇ ಇದ್ದ. ಈಗ ಹಳೆಯ ಗುಮಾಸ್ತರೊಬ್ಬರು ನಿವೃತ್ತರಾಗಿ ಜಾಗ ಖಾಲಿಯಾಗಿತ್ತು. ಅದು ಸಿಕ್ಕರೆ ವೇದಾವತಿ ಎಂಬ ಹುಡುಗಿಯ ಸಂಬಂಧವೂ ಗಟ್ಟಿಯಾಗುತ್ತದೆಂದು ಸೋದರತ್ತೆ ಅಮ್ಮಣ್ಣಿ ಹೇಳಿಕಳಿಸಿದ್ದಳು. ಇಂಥ ಹೊತ್ತಿನಲ್ಲಿ ಈ ಹೊಸಬ!

"ಉಮೇದುವಾರ್ರೆ, ಆ ಜನ ಬೆಳಿಗ್ಗಿಂದ ಹೊರಗ್ ನಿಂತ್ಕಂಡ್ ಖಾಲಿ ಜಾಗದ್ ವಿಷ್ಯವೇ ಕೇಂತಿತ್ತ್," ಎಂದು ನಾಗ ಕಿವಿಯಲ್ಲಿ ಊದಿದ. "ಕಾಂಬುಕೆ ದೊಡ್ಡ್ ಶಿಫಾರಸು ಇದ್ದಾಂಗಿತ್ತ್."

ಗಣಪಯ್ಯ ಲೇಖನಿ ಕೆಳಗಿಟ್ಟ. ಎದ್ದು ಹೋಗಿ ಬೆಂಚಿನ ತುದಿಯಲ್ಲಿ ಕೂತ.

"ಎಲ್ಲಿಂದ ಬಂದದ್ದ್ ನೀವ್?"

"ಇಲ್ಲೇ, ಹತ್ರ," ಎಂದ ಹೊಸಬ, ಗೋಡೆ ನೋಡುತ್ತ. ಹೆಸರು ಕೇಳಿದರೆ ಕೆಮ್ಮಿದ. ಕಳ್ಳನೇ ಸರಿ ಎಂದುಕೊಂಡ ಗಣಪಯ್ಯ.

"ಇಲ್ಲಿ ಗಣಪಯ್ಯ ಅಂಬವ್ರ್ ಒಬ್ರ್ ಇದ್ರಲ್ದಾ?" ಹೊಸಬ ದನಿ ತಗ್ಗಿಸಿದ. "ಖಾಲಿ ಜಾಗ ಅವ್ರಿಗೇ ಅಂಬ್ರು, ಹೌದಾ? ಜನ ಹ್ಯಾಂಗೆ?"

ಎದುರಾಳಿಯ ಬಲ ಅಳೆಯಲು ಬಂದಿದ್ದಾನೆ! ಬೆದರಿಸಿ ಓಡಿಸುವುದೇ ಸರಿ ಎಂದು ಗಣಪಯ್ಯ ಬಾಯಿ ಬಿಟ್ಟ.

"ಗಣಪಯ್ಯನಾ? ಅವ್ನ್ ಸುದ್ದಿಗ್ ಹೋಪ್ದ್ ಬ್ಯಾಡ ಮಾರಾಯ್ರೆ! ಸಿಟ್ಟ್ ಬಂದ್ರ್ ಮನ್ಷ ಅಲ್ಲ. ಇಲ್ಲಿ ಕೆಲ್ಸ ಕೇಣ್ಕಂಡ್ ಬಂದವ್ನ್ ಒಬ್ಬನ ಕೈ ಮುರ್ದ. ಇನ್ನೊಬ್ಬ ಹೊಳಿಗ್ ಹಾರಿ ಜೀವ ಉಳ್ಸ್ಕಂಡ."

"ಅಯ್ಯೋ ದೇವ್ರೆ! ಕುಡಿತ್ರಾ?"

"ಕುಡ್ದಿದ್ರ್ ಅಡ್ಡಿಲ್ಲ. ಕುಡೀದಿದ್ರೇ ಕಷ್ಟ."

ಹೊಸಬನ ಮುಖ ಬಿಳಚಿತು. ಆದರೂ ಏಳಲಿಲ್ಲ, ಊರಿನ ಬಸ್ಸು ನಾಲ್ಕು ಗಂಟೆಗಂತೆ. ಹಾಗಾದರೆ ಇವನ ಬೆನ್ನು ಮುರಿಯೋಣವೆಂದು ಗಣಪಯ್ಯ ತಾನು ತಿಂಗಳಿಂದ ಮುಟ್ಟದ ಕಡತದ ಕಟ್ಟೊಂದನ್ನು ತಂದು ಅವನ ಮಡಿಲಿಗೆ ಹಾಕಿದ.

"ಸುಮ್ನೆ ಕೂಕಂಬ್ದ್ ಎಂತಕ್ಕೆ? ಇದನ್ನೊಂದ್ ನಕಲ್ ಮಾಡಿ. ಇಲ್ಲಿ ಕೆಲ್ಸ ಅಂದ್ರೆ ಹೀಂಗೇ."

ಎರಡು ಸಲ ಇಣುಕಿದಾಗಲೂ ಹೊಸಬ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದ. ನಾಗ ಅವನಿಗೆ ನೀರು-ಬೆಲ್ಲ ಕೊಟ್ಟಿದ್ದ. ಇವನೂ ಆ ಕಡೆ ಸೇರಿದನೋ ಎಂದು ಗಣಪಯ್ಯನಿಗೆ ಅನುಮಾನ ಬಂತು.

ಮೂರೂವರೆಗೆ ಶಿರಸ್ತೇದಾರರು ಹೊರಗೆ ಬಂದು ಆ ನಕಲನ್ನು ಎತ್ತಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎರಡು ಹಾಳೆಯ ವಿಷಯ ಒಂದೇ ಹಾಳೆಯಲ್ಲಿ, ಅಕ್ಷರ ಮುತ್ತಿನ ಹಾಗೆ! ಕಾಗದಕ್ಕೆ ಬರ ಬಂದ ಕಾಲದಲ್ಲಿ ಇಂಥ ಕೈ ಎಲ್ಲಿ ಸಿಗಬೇಕು? ಅವನನ್ನು ಕೈಹಿಡಿದು ಒಳಗೆ ಕರೆದೊಯ್ದರು.

ಹೊರಗೆ ಬಂದವನೇ ಹೊಸಬ ಗಣಪಯ್ಯನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ್ ಉಪಕಾರ ಮರೂಕಾತ್ತಿಲ್ಲ. ನಾನ್ ಸಿದ್ದಾಪುರದ ಶಾಮರಾಯ. ಕೆಲ್ಸ ಕೇಂಬುಕೆ ಬಂದದ್ದೇ ಅಲ್ಲ. ತಂಗಿ ವೇದಾವತಿನ ಆ ಗಣಪಯ್ಯಂಗ್ ಕೊಡುಕೆ ಮಾತಾಯ್ದಿತ್ತ್, ಗಂಡಿನ್ ಗುಣ ಗುಟ್ಟಾಗ್ ವಿಚಾರ್ಸುಕೆ ಬಂದದ್ದ್. ನೀವ್ ಹೇಳಿದ್ದಕ್ಕೆ ತಂಗಿ ಬದ್ಕ್ತ್! ಮೇಲಿಂದ ಆ ಖಾಲಿ ಜಾಗಕ್ಕೆ ನನ್ನ್ ಹೆಸ್ರೇ ಬರಿತ್ರಂಬ್ರು. ಅಲ್ಲಿವರಿಗೆ ನಾನೂ ನಿಮ್ಮಾಂಗೆ ಉಮೇದುವಾರ."

ಆ ಗಣಪಯ್ಯ ನಿಜವಾಗಿ ಬಹಳ ಒಳ್ಳೆಯವನು ಎನ್ನಲು ಗಣಪಯ್ಯ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನಾಗ ಕೂಗಿದ: "ಹ್ವಾಯ್, ಉಮೇದುವಾರ್ರೆ!"

ಇಬ್ಬರೂ ತಿರುಗಿದರು. ನಾಗ ತಬ್ಬಿಬ್ಬಾದ.

"ಇಬ್ಬರಾದರಲ್ಲ, ಇನ್ನು ಹೆಸರು ಹಿಡಿದು ಕರೆ," ಎಂದಿತು ಒಳಗಿನಿಂದ ಶಿರಸ್ತೇದಾರರ ದನಿ. "ಗಣಪಯ್ಯನಿಗೆ ಹೇಳು, ಹೊಸಬನಿಗೆ ಕೆಲಸ ಕಲಿಸಲಿ."

ನಾಗ ಗಣಪಯ್ಯನತ್ತ ನೋಡಿದ. ಶಾಮರಾಯ ಹಿಡಿದ ಕೈಗಳನ್ನು ಬಿಟ್ಟು ನಾಗನ ಬೆನ್ನ ಹಿಂದೆ ಸೇರಿಕೊಂಡ.

"ನಾನ್ ಬಾರೀ ಸಾಧು ಜನ ಮಾರಾಯ್ರೆ!" ಎಂದು ಗಣಪಯ್ಯ ಕಚೇರಿಯ ಹೆಂಚು ಅದುರುವಂತೆ ಕೂಗಿದ.

ಶಾಮರಾಯ ನಾಗನ ಕಿವಿಯಲ್ಲಿ ಹೇಳಿದ: "ಕಾಣಿ, ಸಿಟ್ಟ್ ಬಂತ್!"